ಕತ್ತರಿ ಇಲ್ಲದ ನೊಣಗಳು

ಮಸ್ಕಿಯ ಶಿವಕುಮಾರಿಯ ಮನೆಯಲ್ಲಿ ಆ ದಸರೆಗೆ ಹೋಳಿಗೆಗಿಂತ ಮೊದಲು ಒಲೆಯೇರಿದ್ದು ನೊಣಗಳ ಊಟ. ಜೋಳದ ಹಿಟ್ಟು, ಬೆಲ್ಲ, ಚಿಟಿಕೆ ಈಸ್ಟು ಹಾಕಿ ಅಂಬಲಿಯ ಹಾಗೆ ಕುದಿಸಿ, ಬಾಟಲಿಯ ತಳಕ್ಕೆ ಹೊಯ್ದು ಆರಿಸಬೇಕು.

"ಊರ ಮಂದಿ ನೊಣ ಹೊಡೀತಾರ, ನಾವು ಉಣಸ್ತೀವಿ," ಎಂದು ಅತ್ತೆ ಪಾರ್ವತೆಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು.

ನೊಣ ತಂದವಳು ಮಗಳು ರಾಜಶ್ರೀ. ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಲ್ಯಾಬಿನ ಬಾಟಲಿಗಳಿಗೆಲ್ಲ ಬೂಷ್ಟು ಹಿಡಿದು, ಅವಳು ಸಾಕಿದ್ದ ತಳಿಯಲ್ಲಿ ಉಳಿದದ್ದು ಇದೊಂದೇ ಬಾಟಲಿ. ರಜೆಗೆ ಲ್ಯಾಬಿಗೆ ಬೀಗ ಬೀಳುತ್ತದೆಂದು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು. ಬಿಳಿ ಕಣ್ಣಿನ ಪುಟ್ಟ ಹಣ್ಣಿನ ನೊಣಗಳು. ಇವು ಹೋದರೆ ಅವಳ ಎರಡು ವರ್ಷದ ಕೆಲಸವೂ ಹೋದಂತೆ.

"ಅಂಥಾದ್ದೇನೈತಿ ಇವುಗಳಾಗ?" ಎಂದಳು ಶಿವಕುಮಾರಿ, ಸೌಟು ತಿರುವುತ್ತ.

"ಯಾವ ಜೀನು ಎಬ್ಬಿಸಬೇಕು, ಯಾವುದು ಮಲಗಿಸಬೇಕು ಅಂತ ನೋಡಿಕೊಳ್ಳೋ ಒಂದು ಪ್ರೋಟೀನ್ ಐತಿ ಯವ್ವಾ. ನಮ್ಮ ಮೈಯಾಗೂ ಐತಿ, ನೊಣದಾಗೂ ಐತಿ. ಮೊದಲು ಉದ್ದಕ ಒಂದ ತುಂಡಾಗಿ ತಯಾರಾಗ್ತೈತಿ. ಆಮ್ಯಾಲ ಅದನ್ನ ಎರಡಾಗಿ ಕತ್ತರಸ್ಬೇಕು."

"ಕತ್ತರಿಸಿದ್ರ ಕೆಟ್ಟುಹೋಗಂಗಿಲ್ಲೇನು?"

"ಇಲ್ಲ. ಎರಡೂ ತುಂಡು ಒಂದನ್ನೊಂದು ಹಿಡಕೊಂಡ ಇರ್ತಾವ. ನಮ್ಮೊಳಗ ಕತ್ತರಿಸೋ ಕತ್ತರಿ ಒಂದು, ನೊಣದೊಳಗ ಬ್ಯಾರೆ. ಆ ಕತ್ತರಿ ಇಲ್ದ ಹುಟ್ಟಿದವು ಇವು. ಇವುಗಳಾಗ ಪ್ರೋಟೀನ್ ಇಡೀದಾಗೇ ಉಳದೈತೇನು, ನೋಡ್ಬೇಕು."

"ಕತ್ತರಿ ಇಲ್ಲದ ದರ್ಜಿ ಮನಿ ಅನ್ನು," ಎಂದಳು ಪಾರ್ವತೆಮ್ಮ ಮಂಚದಿಂದಲೇ.

ಊಟ ಆರಿದ ಮೇಲೆ ರಾಜಶ್ರೀ ನೊಣಗಳನ್ನು ಹೊಸ ಬಾಟಲಿಗೆ ತಟ್ಟಿ ದಾಟಿಸಿ, ಬಾಯಿಗೆ ಹತ್ತಿಯ ಉಂಡೆ ತುರುಕಿದಳು. ಹಳೆಯದರ ಊಟದ ಮೇಲೆ ಬೂಷ್ಟಿನ ಚುಕ್ಕಿ ಕಂಡಿತು. "ಇದು ಹಬ್ಬಿದ್ರ ಎಲ್ಲಾ ಹೋಗ್ತೈತಿ. ಕುದಿಯೋ ನೀರು ಹಾಕಿ ತೊಳದಬಿಡು ಯವ್ವಾ," ಎಂದು ಹೇಳಿ ಗೆಳತಿಯನ್ನು ನೋಡಲು ಲಿಂಗಸುಗೂರಿಗೆ ಹೋದಳು.

ಸಂಜೆ ಬಂದು ನೋಡಿದರೆ ಹೊಸ ಬಾಟಲಿಯ ಬಾಯಿ ತೆರೆದಿತ್ತು. ಒಳಗೆ ಒಂದು ನೊಣವೂ ಇಲ್ಲ.

"ಆಯಿ, ಹತ್ತಿ ಎಲ್ಲಿ?"

"ಬತ್ತಿ ಹೊಸೆದೆ," ಎಂದಳು ಪಾರ್ವತೆಮ್ಮ, ಉರಿಯುವ ದೀಪ ತೋರಿಸಿ. "ಬಾಯಿಗೆ ಹತ್ತಿ ತುರುಕಿದ್ದಿ, ಉಸುರು ಕಟ್ಟಿ ಒದ್ದಾಡಾಕತ್ತಿದ್ವು. ಹಬ್ಬದ ದಿನ ಯಾಕ ಪಾಪ ಕಟಗೋಬೇಕು ಅಂತ ತಗದೆ."

ನೊಣಗಳು ಬಾಳೆಹಣ್ಣಿನ ಗೊನೆಯ ಸುತ್ತ, ಮನೆಯ ಕೆಂಪು ಕಣ್ಣಿನ ನೊಣಗಳ ಜೊತೆ ಸೇರಿಬಿಟ್ಟಿದ್ದವು. ಇನ್ನು ಹಿಡಿದರೂ ತಳಿ ಕೆಟ್ಟಂತೆಯೇ. ರಾಜಶ್ರೀ ಅಜ್ಜಿಯನ್ನು ಬೈಯಲಿಲ್ಲ. ಹೊಸ್ತಿಲ ಮೇಲೆ ಕುಳಿತು ಮೊಣಕಾಲಿಗೆ ಮುಖ ಹಚ್ಚಿದಳು.

ಶಿವಕುಮಾರಿ ಸೆರಗಿನ ತುದಿ ತಿರುವುತ್ತ ಒಳಗೆ ಹೋದಳು. ಆಮೇಲೆ ನೀರಿನ ಕೊಡಗಳ ಹಿಂದೆ ಕೈಹಾಕಿ, ಒದ್ದೆ ಬಟ್ಟೆ ಮುಚ್ಚಿದ ಹಳೆಯ ಬಾಟಲಿಯನ್ನು ಹೊರತೆಗೆದಳು.

"ಬೈಬ್ಯಾಡ. ನೀ ತೊಳಿ ಅಂದಿದ್ದಿ. ನೀರೂ ಕಾಸಿದ್ದೆ. ಒಳಗ ಏನೋ ಸಣ್ಣ ಕಾಳಿನಂಥವು ಗಾಜಿಗೆ ಹತ್ತಿಕೊಂಡು ಕೂಸುಗಳಂಗ ಮಲಗಿದ್ವು. ಕೈ ಬರಲಿಲ್ಲ ನೋಡು."

ರಾಜಶ್ರೀ ಬಾಟಲಿಯನ್ನು ದೀಪದ ಬೆಳಕಿಗೆ ಹಿಡಿದಳು. ಬೂಷ್ಟು ಮುಟ್ಟದ ಎತ್ತರದಲ್ಲಿ ಗೋಧಿಬಣ್ಣದ ಗೂಡುಗಳು ಸಾಲಾಗಿ ಅಂಟಿದ್ದವು. ಅವಳ ಮೂಗು ಇನ್ನೂ ಸೋರುತ್ತಿತ್ತು.

"ಯವ್ವಾ, ಇವು ಅವುಗಳ ಮಕ್ಕಳು. ಜೀವ ಅದಾವ!"

"ಹಂಗಾರ ಮತ್ತ ಅಂಬಲಿಗಿಡ್ಲೇನು?"

ರಜೆ ಮುಗಿಯುವಷ್ಟರಲ್ಲಿ ಗೂಡೊಡೆದು ಬಂದವೆಲ್ಲ ಬಿಳಿ ಕಣ್ಣಿನವೇ. ಹೊರಡುವ ದಿನ ಶಿವಕುಮಾರಿ ಹತ್ತಿಯ ಮೇಲೆ ತೆಳು ಬಟ್ಟೆ ಬಿಗಿದು, ಅತ್ತೆಗೆ ಬಿಚ್ಚಲಾಗದ ಗಂಟು ಹಾಕಿದಳು.

ದೀಪಾವಳಿ ಕಳೆದ ಮೇಲೆ ಕಲಬುರಗಿಯಿಂದ ಫೋನು. "ಯವ್ವಾ, ಆ ಪ್ರೋಟೀನಿನ ಪರೀಕ್ಷಾ ಮಾಡಿದೆ. ಪಟ್ಟಿ ಮ್ಯಾಲ ಬ್ಯಾರೆ ನೊಣದಾಗ ಎರಡು ತುಂಡಿಗೆ ಎರಡು ಗೆರಿ ಬಂದಾವ. ನಮ್ಮವುಗಳಾಗ ಒಂದ ಗೆರಿ! ಕತ್ತರಿಸದ ಇಡೀದು ಉಳದೈತಿ!"

ಶಿವಕುಮಾರಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಅತ್ತೆಗೆ ಸುದ್ದಿ ಹೇಳಿದಳು.

"ಅದಿರಲಿ," ಎಂದಳು ಪಾರ್ವತೆಮ್ಮ. "ಈಗರ ಅವುಗಳಿಗೆ ಉಸುರಾಡಾಕ ಸಂದು ಬಿಟ್ಟಾಳೇನು, ಕೇಳು."