ನಿನ್ನೆಯಷ್ಟೇ ಬೆಳಕು

ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಗಂಡನಿಗೆ ತಾನು ಕಟ್ಟಿದ ಲೇಸರ್ ಮುದ್ದು. ಅದರ ಕನ್ನಡಿಗಳ ತಿರುಪುಗಳನ್ನು ಸದಾ ತಿರುಗಿಸುತ್ತಲೇ ಇರುವುದರಿಂದ ಇಡೀ ಸಂಸ್ಥೆ ಅವನನ್ನು ತಿರುಪು ಎಂದೇ ಕರೆಯುತ್ತದೆ.

ಆ ಲೇಸರನ್ನು ಹೊರಗಿನ ವಿಜ್ಞಾನಿಗಳಿಗೂ ತೆರೆಯುವ ಕೆಲಸ ನನ್ನದು. ಯಾರಿಗೆ ಬೇಕೋ ಬಂದು ಬಳಸಲಿ ಎಂದು ನಾನು. ಬಂದವರು ಕೆಡಿಸುತ್ತಾರೆ ಎಂದು ಅವನು. ನಿರ್ದೇಶಕರು ಇಬ್ಬರ ವಾದವನ್ನೂ ಕೇಳಿ, "ಮೊದಲ್ನೇ ಅತಿಥಿ ಪ್ರಯೋಗ ಗೆದ್ರೆ ಬಾಗಿಲು ಎಲ್ಲರಿಗೂ. ಸೋತ್ರೆ ನಿಮ್ಮ ಯಜಮಾನರೇ ಇಟ್ಕೊಳ್ಲಿ" ಎಂದಿದ್ದರು. ಗೆಲ್ಲುತ್ತೇನೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಮೊದಲ ಅತಿಥಿ ಸಣ್ಣ ಕಾಲೇಜೊಂದರಲ್ಲಿ ಕೀಟಗಳ ಬಗ್ಗೆ ಪಾಠ ಹೇಳುವ ಮೇಡಂ. ಏರೋಪ್ಲೇನ್ ಚಿಟ್ಟೆಯ ರೆಕ್ಕೆಗಳನ್ನು ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿ ತಂದಿದ್ದರು. ಒಣ ರೆಕ್ಕೆಯಿಂದ ಬೆಳಕು ಹೇಗೆ ಮರಳುತ್ತದೆ, ಒದ್ದೆಯಾದರೆ ಹೇಗೆ ಎಂದು ಹೋಲಿಸಬೇಕಿತ್ತು. ಮೊದಲ ದಿನ ಒಣ ರೆಕ್ಕೆಯ ಅಳತೆ ಸೊಗಸಾಗಿ ಬಂತು. ಮರುದಿನ ಒದ್ದೆ ರೆಕ್ಕೆ ಇಟ್ಟರೆ ಪರದೆಯ ಮೇಲೆ ಅಳತೆ ತೋರಿಸುವ ಗೆರೆ ಎಲ್ಲಿಗೋ ಚಿಮ್ಮಿತು. ಅನುಮಾನ ಬಂದು ಒಣ ರೆಕ್ಕೆಯನ್ನೇ ಮತ್ತೆ ಇಟ್ಟೆವು. ಅದೂ ಚಿಮ್ಮಿತು. ಮೇಡಂ ಮುಖ ಸಪ್ಪಗಾಯಿತು. ನನಗೆ ಪಿತ್ತ ನೆತ್ತಿಗೇರಿತು.

"ಬೆಳಿಗ್ಗೆ ಬಂದು ಮುಟ್ಟಿದ್ಯಾ?" ಎಂದು ಗಂಡನನ್ನು ಕೇಳಿದೆ.

"ಸ್ವಲ್ಪ ಸರಿ ಮಾಡ್ದೆ ಅಷ್ಟೆ ಕಣೇ. ಹೊಳಪು ಎಷ್ಟು ಜಾಸ್ತಿ ಆಗಿದೆ ನೋಡು!" ಎಂದು ಬೀಗಿದ.

ಪಾಪ, ಕೆಡಿಸುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಬಂದವರಿಗೆ ಕೈತುಂಬ ಬಡಿಸಬೇಕೆಂದೇ ಮಾಡಿದ್ದ. ಲೇಸರ್ ಕಟ್ಟುವವರ ರೋಗವೇ ಇದು: ನಿನ್ನೆಗಿಂತ ಇವತ್ತು ಹೆಚ್ಚಾಗದಿದ್ದರೆ ಉಂಡ ಅನ್ನ ಅರಗುವುದಿಲ್ಲ.

ನಾನು ಜಾಡಿಸುವ ಮೊದಲೇ ಮೇಡಂ ಬಾಯಿಬಿಟ್ಟರು. "ಸರ್, ತಪ್ಪು ತಿಳ್ಕೋಬೇಡಿ. ನನಗೆ ಜಾಸ್ತಿ ಬೇಡ. ನಿನ್ನೆ ಎಷ್ಟಿತ್ತೋ ಅಷ್ಟೇ ಕೊಡ್ತೀರಾ?"

ಅವನು ಪೆಚ್ಚಾದ. ಹಾಗೆ ಕೇಳಿದವರೇ ಅವನಿಗೆ ಈವರೆಗೆ ಸಿಕ್ಕಿರಲಿಲ್ಲ. "ದಿನಾ ಒಂದೇ ಥರ ಇಡೋದು ಜಾಸ್ತಿ ಮಾಡೋದಕ್ಕಿಂತ ಕಷ್ಟ ಮೇಡಂ" ಎಂದು ತಲೆ ಕೆರೆದುಕೊಂಡ.

"ಸುಲಭ ಆಗಿದ್ರೆ ನಿನ್ನ ಯಾಕೆ ಕೇಳ್ತಿದ್ವಿ?" ಎಂದೆ. ಅದು ಅವನಿಗೆ ನಾಟಿತು.

ಮಧ್ಯಾಹ್ನದೊಳಗೆ ಒಣ ರೆಕ್ಕೆಯ ಗೆರೆ ನಿನ್ನೆಯ ಗೆರೆಯ ಮೇಲೆ ತೆಪ್ಪಗೆ ಕೂತಿತು. ಆಮೇಲೆ ಒದ್ದೆ ರೆಕ್ಕೆ ಇಟ್ಟಾಗ ಗೆರೆ ಪಕ್ಕಕ್ಕೆ ಸರಿಯಿತು, ಮೇಡಂ ಅಂದುಕೊಂಡಿದ್ದ ಕಡೆಗೇ. ಅವರು ನನ್ನ ತೋಳನ್ನು ಹಿಂಡಿಬಿಟ್ಟರು.

ಸುದ್ದಿ ತಿಳಿದು ನಿರ್ದೇಶಕರೇ ಬಂದು ಲೇಸರ್ ಕೋಣೆಯ ಬಾಗಿಲಿಗೆ ಕೈ ಹಾಕಿದರು. ನನ್ನ ಗಂಡ ಅಡ್ಡ ನಿಂತ.

"ಸ್ವಲ್ಪ ಇರಿ ಸಾರ್. ಒಳಗೆ ಮೇಡಂ ಅವರ ಲೇಸರ್ ಓಡ್ತಾ ಇದೆ."