ಸುಳ್ಳು ಹೇಳದ ಬಲಗಾಲು

ಮುರ್ಡಿನಾ ಮ್ಯಾಕ್‌ಆಸ್ಕಿಲ್ ಅವರ ಬಾಯಿ ದಾಕ್ಷಿಣ್ಯಕ್ಕೆ ಬಿದ್ದು ಯಾರನ್ನಾದರೂ ಹೊಗಳೀತು, ಅವರ ಬಲಗಾಲು ಮಾತ್ರ ಜನ್ಮದಲ್ಲಿ ಸುಳ್ಳು ಹೇಳಿದ್ದಿಲ್ಲ. ಪಿಟೀಲಿನ ನಾದ ಮನಸ್ಸಿಗೆ ಹತ್ತಿದರೆ ಆ ಕಾಲಿನ ದಪ್ಪ ಬೂಟು ತಾನಾಗಿ ನೆಲ ತಟ್ಟುತ್ತಿತ್ತು. ಹತ್ತದಿದ್ದರೆ ಬಂಡೆಯಂತೆ ಬಿದ್ದಿರುತ್ತಿತ್ತು. ನಮ್ಮ ಲೂಯಿಸ್ ದ್ವೀಪದ ಮಕ್ಕಳು ಹಳೆಯ ಮಟ್ಟುಗಳನ್ನು ಕಲಿಯಲೆಂದು ಪಾಠಕ್ಕೆ ನೆರವಾಗುವ ಪುಟ್ಟ ನಿಧಿಯೊಂದಕ್ಕೆ ಅವರೇ ಅಧ್ಯಕ್ಷೆ. ಹೀಗಾಗಿ ನೆರವು ಕೇಳಿ ಬಂದ ಮಕ್ಕಳೆಲ್ಲ ಅವರ ಮುಖ ಬಿಟ್ಟು ಬೂಟನ್ನೇ ನೋಡುತ್ತ ಬಾರಿಸುತ್ತಿದ್ದರು.

ಎದುರುಗಾಳಿಯೇ ಸರಿದು ದಾರಿ ಬಿಡಬೇಕು, ಅಂಥ ನಡಿಗೆ ಅವರದು. ಮೈಮೇಲೆ ತಾಯಿ ಮಗ್ಗದಲ್ಲಿ ನೆಯ್ದ ಪಾಚಿಬಣ್ಣದ ಟ್ವೀಡ್ ಉಣ್ಣೆಯ ಕೋಟು, ಅದರ ಜೇಬಿನಲ್ಲಿ ಸದಾ ಚಂದಾ ಡಬ್ಬಿ. ಚಳಿಗಾಲದ ಹಾಡುಕುಣಿತದ ಕೂಟಗಳಲ್ಲಿ ತಾವೇ ಬೇಯಿಸಿದ ಒಣದ್ರಾಕ್ಷಿ ಕಡುಬನ್ನು ಎಲ್ಲರಿಗೂ ಬಡಿಸಿ, ತಿಂದವರು ಬಾಯಿ ಒರೆಸಿಕೊಳ್ಳುವ ಮೊದಲೇ ಡಬ್ಬಿ ಅಲುಗಿಸುತ್ತಿದ್ದರು. "ನಿಮ್ಮಜ್ಜಿ ಮದುವೇಲಿ ಪಿಟೀಲು ಇಲ್ದೇನೇ ಕುಣಿದ್ಲೇನೋ? ತೆಗಿ, ತೆಗಿ!" ಎಂದರೆ ಎಂಥ ಜಿಪುಣ ಮೀನುಗಾರನೂ ಜೇಬಿಗೆ ಕೈ ಹಾಕಬೇಕಿತ್ತು.

ಇಷ್ಟಾಗಿ ಅವರಿಗೆ ಒಂದು ಸ್ವರವೂ ಬಾರಿಸಲು ಬರುತ್ತಿರಲಿಲ್ಲ. ಪಿಟೀಲು ಪಾಪದ ವಾದ್ಯವೆಂದು ಹಿಂದೆ ಪಾದ್ರಿಯೊಬ್ಬರು ಗುಡುಗಿದಾಗ ಅವರ ಅಜ್ಜ ತಮ್ಮ ಪಿಟೀಲನ್ನು ಒಲೆಗೆ ಹಾಕಿದ್ದರು. ಅಜ್ಜಿ ಹಾಸಿಗೆಯಡಿ ಬಚ್ಚಿಟ್ಟದ್ದರಿಂದ ಕಮಾನೊಂದು ಉಳಿಯಿತು. ಮೊಮ್ಮಗಳಿಗೆ ಕಲಿಯುವ ಆಸೆ ಹುಟ್ಟುವ ಹೊತ್ತಿಗೆ ಊರಿನಲ್ಲಿ ಕಲಿಸುವವರೇ ಇರಲಿಲ್ಲ. ಆ ಒಂಟಿ ಕಮಾನು ಅವರ ಮನೆಯ ಬೆಂಕಿಗೂಡಿನ ಮೇಲೆ ಮೊಳೆಯೊಂದಕ್ಕೆ ತೂಗುತ್ತಿತ್ತು. "ಗಂಜಿ ಇಲ್ದಿರೋ ಮನೇಲಿ ಸೌಟು ನೇತುಹಾಕ್ದಂಗೆ" ಎಂದು ನಗುತ್ತಿದ್ದರು. ನಗುವಾಗ ಕಣ್ಣು ಮಾತ್ರ ಆ ಕಡೆ ಹೊರಳುತ್ತಿರಲಿಲ್ಲ.

ಒಂದು ವಸಂತದಲ್ಲಿ ಮಾರ್ಸಲಿ ಎಂಬ ಹದಿನೈದರ ಹುಡುಗಿ, ಶಾಲೆಯಿಂದ ಎರವಲು ತಂದ ಪಿಟೀಲಿನೊಂದಿಗೆ ಊರ ಸಭಾಂಗಣಕ್ಕೆ ಬಂದಳು. ಫೋನಿನ ವಿಡಿಯೊಗಳೇ ಅವಳ ಗುರು. ಬೇಸಿಗೆ ಮುಗಿದರೆ ಪಿಟೀಲು ಶಾಲೆಗೆ ವಾಪಸ್ಸು. ನಿಧಿ ಕೈ ಹಿಡಿಯದಿದ್ದರೆ ಅವಳ ಸಂಗೀತ ಅಲ್ಲಿಗೆ ಮುಗಿದಂತೆ. ಆ ವರ್ಷ ಒಬ್ಬರಿಗಷ್ಟೇ ಕೊಡಲು ಸಾಧ್ಯವಿತ್ತು. ಖಜಾಂಚಿ ಟೊರ್ಕಿಲ್, ಮುರ್ಡಿನಾ ಅವರ ಸಹಪಾಠಿ, ಪದಕಗಳನ್ನು ಗೆದ್ದ ಇನ್ನೊಬ್ಬ ಹುಡುಗನ ಪರ. "ಗೆಲ್ಲೋ ಕುದುರೆಗೆ ಹುಲ್ಲು ಹಾಕೋಣ" ಎಂದು ಸಮಿತಿಯಲ್ಲಿದ್ದ ನನ್ನ ಕಿವಿಯಲ್ಲೂ ಊದಿದ್ದ.

ಮಾರ್ಸಲಿ ಕುಣಿತದ ಮಟ್ಟೊಂದನ್ನು ಹಿಡಿದಳು. ಬೂಟು ಅಲುಗಲಿಲ್ಲ. ಅದನ್ನು ಎಬ್ಬಿಸಲೆಂದು ಅವಳು ವೇಗ ಏರಿಸಿದಳು. ಆಗಲೂ ಅಲುಗಲಿಲ್ಲ. ಇನ್ನೂ ಏರಿಸಿದಳು; ಕೊನೆಗೆ ಕಮಾನು ತಂತಿಯಿಂದ ಜಾರಿ, ಸ್ವರ ಕೀಚಲಾಗಿ ಕಿರುಚಿ, ಹುಡುಗಿ ತಲೆ ತಗ್ಗಿಸಿ ನಿಂತಳು.

"ಏನಮ್ಮಾ, ಹಡಗು ತಪ್ಪಿಹೋಗುತ್ತಾ?" ಎಂದರು ಮುರ್ಡಿನಾ.

"ನಿಮ್ಮ ಕಾಲು... ಅಲ್ಲಾಡ್ಲೇ ಇಲ್ಲ, ಅಜ್ಜಿ."

"ನನ್ನ ಕಾಲಲ್ಲೇನು ಮಣ್ಣು ನೋಡ್ತೀಯ? ಏಳೋ ಟೊರ್ಕಿಲ್!"

"ನನ್ನ ಮಂಡಿ, ಮಾರಾಯ್ತಿ..."

"ಆ ಮಂಡೀನೇ ಬೇಕಾಗಿರೋದು." ಅವನ ಕೈ ಹಿಡಿದು ಎಳೆದು ಸಭಾಂಗಣದ ನಡುವೆ ನಿಲ್ಲಿಸಿದರು. "ಈ ಮುದುಕನ ಮಂಡಿ ನೋಡ್ಕೊಂಡು ಬಾರಿಸು, ಮಗಾ. ಅವನು ಬೀಳಬಾರದು, ಕೂರಲೂಬಾರದು."

ಮಾರ್ಸಲಿ ಕಣ್ಣೊರೆಸಿಕೊಂಡು ಮತ್ತೆ ತೊಡಗಿದಳು. ಟೊರ್ಕಿಲ್ ಮೊದಲ ತಿರುವಿನಲ್ಲೇ ತಡವರಿಸಿದ. ಅವಳು ಕಮಾನನ್ನು ಕೊಂಚ ತಡೆದು ಅವನಿಗಾಗಿ ಕಾದಳು. ಅವನ ಹೆಜ್ಜೆ ನೆಲೆ ಕಂಡಿತು, ಅವಳು ಒಂದಿಷ್ಟು ದೂಡಿದಳು, ಅವನೂ ಏರಿದ. ಇಬ್ಬರೂ ಒಂದೇ ಉಸಿರಿಗೆ ಬಿದ್ದ ಆ ಗಳಿಗೆಯಲ್ಲಿ ಸಭಾಂಗಣದ ಹಲಗೆನೆಲವೇ ಗುಡುಗುಟ್ಟತೊಡಗಿತು; ಆದರೆ ಮುರ್ಡಿನಾ ಅವರ ಬಲಗಾಲು ಕುಣಿಯುತ್ತಿದೆಯೆಂದು ಹುಡುಗಿಗೆ ಗೊತ್ತೇ ಆಗಲಿಲ್ಲ.

ಟೊರ್ಕಿಲ್ ಏದುಸಿರು ಬಿಡುತ್ತ ಕುರ್ಚಿಗೆ ಕುಸಿದ. "ಇವಳಿಗೇ ಕೊಟ್ಟುಬಿಡು. ಇನ್ನೊಂದು ಸುತ್ತು ಮಾತ್ರ ಕುಣಿಸ್ಬೇಡ."

"ಆ ಹುಡುಗನಿಗೆ ಪದಕ ಇದೆ, ಗುರೂನೂ ಇದಾನೆ. ಗುರು ಇಲ್ದೋರಿಗಲ್ವೇನೋ ನಾವು ಕಡುಬು ಬೇಯಿಸಿದ್ದು?" ಎಂದರು ಮುರ್ಡಿನಾ.

ಬೇಸಿಗೆಯಲ್ಲಿ ಮಾರ್ಸಲಿ ಪಾಠಕ್ಕೆಂದು ಹಡಗು ಹತ್ತಿದಾಗ ಅವಳ ಕೈಯಲ್ಲಿ ನಿಧಿ ಕೊಡಿಸಿದ ಪಿಟೀಲಿತ್ತು, ಹೊಸ ಕುದುರೆಕೂದಲು ಕಟ್ಟಿಸಿದ, ಮುರ್ಡಿನಾ ಅವರ ಅಜ್ಜನ ಕಮಾನಿತ್ತು. "ಕೊಟ್ಟಿದ್ದಲ್ಲ, ಎರವಲು. ಬಾರಿಸೋದು ನಿಲ್ಲಿಸಿದ ದಿನ ತಂದು ಅದೇ ಮೊಳೆಗೆ ಹಾಕು" ಎಂದು ಮುರ್ಡಿನಾ ಗದರಿಸಿಯೇ ಕಳಿಸಿದರು. ಹಡಗು ಮರೆಯಾಗುವವರೆಗೂ ಕೋಟಿನ ತೋಳಿನಲ್ಲಿ ಮೂಗೊರೆಸಿಕೊಳ್ಳುತ್ತ, ಗಾಳಿಯನ್ನು ಬೈಯುತ್ತಿದ್ದರು.

ಈಗ ಮಾರ್ಸಲಿ ನಮ್ಮ ಸಭಾಂಗಣದಲ್ಲೇ ಮಕ್ಕಳಿಗೆ ಕಲಿಸುತ್ತಾಳೆ. ಮುರ್ಡಿನಾ ಅವರ ನಡಿಗೆ ಬೆಂಕಿಗೂಡಿನ ಮುಂದಿನ ಕುರ್ಚಿಗೆ ಬಂದು ನಿಂತಿದೆ. ನಾನು ಚಹಾ ಕುಡಿಯಲು ಹೋದಾಗಲೆಲ್ಲ ಗೋಡೆಯತ್ತ ಗದ್ದ ಎತ್ತಿ, "ನೋಡು, ಕಮಾನು ಇನ್ನೂ ಬಂದಿಲ್ಲ" ಎನ್ನುತ್ತಾರೆ. ಈಗ ಅವರ ಕಣ್ಣು ಆ ಕಡೆಗೇ ಹೊರಳುತ್ತದೆ. ತಮಗೆ ಸಿಗದ್ದು ಯಾರಿಗೂ ಸಿಗಬಾರದೆಂದು ಮುಖ ಗಂಟಿಕ್ಕಿಯೇ ಮುದುಕರಾಗುವವರನ್ನು ಎಲ್ಲ ಊರೂ ಸಾಕುತ್ತದೆ. ಅಪರೂಪಕ್ಕೆ ಇಂಥವರೂ ಹುಟ್ಟುತ್ತಾರೆ: ತಮಗೆ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ, ಮುಂದಿನವರಿಗೆ ಸಿಗುವ ತನಕ ಮನೆಮನೆಯ ಬಾಗಿಲು ಬಡಿಯುತ್ತಾರೆ. ಬದುಕೆಲ್ಲ ಕೂಡಿಟ್ಟ ಅಂಥವರ ಆಸ್ತಿ ನೋಡಬೇಕೆಂದು ಮನೆಯೊಳಗೆ ಹೋದರೆ, ಗೋಡೆಯ ಮೇಲೊಂದು ಖಾಲಿ ಮೊಳೆ ತೋರಿಸಿ ಹೆಮ್ಮೆಯಿಂದ ನಗುತ್ತಾರೆ.