ಸುರಂಗದ ಅಧ್ಯಾಯ

ಬಸ್ಸಮ್ಮ ಕುಣಿಯ ಅಂಚಿಗೆ ಬಂದು ಬಗ್ಗಿ ನೋಡಿದಳು. ತಳದಲ್ಲಿ, ಗಂಡನ ಹೆಣವನ್ನು ಕೂರಿಸಲು ಪಕ್ಕಕ್ಕೆ ಕೊರೆದ ಗೂಡಿನೊಳಗೆ ಆಗಲೇ ಕತ್ತಲು ಸೇರಿಕೊಂಡಿತ್ತು.

"ಅವ್ವಾ, ಹಿಂದ ಸರಿ, ಜಾರ್ತದ," ಎಂದು ಮಗ ಶಿವರಾಜ ರಟ್ಟೆ ಹಿಡಿದ.

"ಹೊತ್ತು ಮುಳುಗಾಕತ್ತದೋ. ಬೆಳಕಿದ್ದಾಗ ಮಣ್ಣು ಮಾಡ್ರಿ ಅಂತ ಎಷ್ಟು ಸಲ ಹೇಳ್ಲಿ? ನಿಮ್ಮಪ್ಪಗ ಕತ್ತಲಂದ್ರ ಅಂಜಿಕಿ."

"ಸತ್ತವರಿಗೆ ಎಂಥಾ ಅಂಜಿಕಿಬೇ? ಭಾಗಣ್ಣ ಕಾಕಾನ ಮಾತು ಮುಗೀಲಿ."

ಹೆಣದ ಪಕ್ಕ ನಿಂತು ಭಾಗಣ್ಣ ಮಾಡುತ್ತಿದ್ದ ಆ ಭಾಷಣ ಮುಗಿಯುವ ಲಕ್ಷಣವೇ ಇರಲಿಲ್ಲ. ಶಹಾಪುರದ ಹತ್ತಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಅವಳ ಗಂಡ ಗುರುಪಾದಪ್ಪ ಆಯುಷ್ಯದಲ್ಲಿ ಬರೆದದ್ದು ಒಂದೇ ಕಾದಂಬರಿ, 'ಕೋಟೆಯ ಕಡೆಯ ಸವಾರ'. ಸುರಪುರದ ಸವಾರನೊಬ್ಬ ಮನಸ್ಸು ಕೊಟ್ಟ ಹುಡುಗಿಗಾಗಿ ಶತ್ರುಗಳ ನಡುವೆ ನುಗ್ಗುವ ಕತೆ. ಅದನ್ನು ಓದಿಯೇ ಮೀಸೆ ಬಿಟ್ಟವನು ಈ ಭಾಗಣ್ಣ.

"ಸುರಂಗದ ಅಧ್ಯಾಯ ಓದೀರೇನ್ರಿ? ದೀಪಿಲ್ಲ, ದಿಕ್ಕಿಲ್ಲ, ಸವಾರ ಒಬ್ಬನ ಒಳಗ ಹೋಗ್ತಾನ! ಸ್ವತಃ ಹೊಕ್ಕು ನೋಡಿದ ಗಂಡೆದಿಗಷ್ಟೇ ಹಂಗ ಬರಿಯಾಕ ಬರ್ತದ!"

ಗಂಡೆದೆಯಂತೆ! ಕರೆಂಟು ಹೋದರೆ ಉಣ್ಣುವ ತಾಟು ಬಿಟ್ಟೆದ್ದು ಅವಳ ಸೆರಗು ಹಿಡಿಯುತ್ತಿದ್ದ ಮನುಷ್ಯ. ಬಸ್ಸಮ್ಮನಿಗೆ ನಗು ಬರಲಿಲ್ಲ. ಪಡುವಣದ ಕಡೆ ನೋಡಿದಳು.

*

ಮದುವೆಯಾದ ಹೊಸತು. ಸುರಪುರದ ಗುಡ್ಡ, ಮಟಮಟ ಮಧ್ಯಾಹ್ನ. ಬಂಡೆಗಳ ನಡುವಿನ ಸುರಂಗದ ಬಾಯಲ್ಲಿ ಗುರುಪಾದಪ್ಪ ಬೆವರುತ್ತ ನಿಂತಿದ್ದ.

"ಒಳಗ ಹ್ಯಾಂಗದ ಅಂತ ತಿಳೀದ ಬರಿಯಾಕ ಬರಂಗಿಲ್ಲ," ಎಂದ. "ಆದ್ರ ನನ್ನ ಕೈಲೆ ಆಗಂಗಿಲ್ಲ ಬಸ್ಸೂ."

"ನೀವು ಇಲ್ಲೇ ಕುಂದರ್ರಿ. ನಾ ನೋಡಿ ಬರ್ತೀನಿ."

ತಿರುಗಿ ಬಂದು ಎಲ್ಲ ಹೇಳಿದಳು: ಬಾವಲಿಗಳ ನಾತ, ತೊಟ್ಟಿಕ್ಕುವ ನೀರು, ಕಾಲಡಿ ಸರ್ರನೆ ಸರಿದ ಏನೋ ಒಂದು. ಅವನು ಬಾಯಿ ತೆರೆದು ಕೇಳಿದ, ಮನೆಗೆ ಬಂದು ಹಾಗೇ ಬರೆದ. ಅಂದಿನಿಂದ ಸಂತೆಗಾಗಲಿ, ಆಸ್ಪತ್ರೆಗಾಗಲಿ, ಅವಳು ಮುಂದೆ, ಅವನು ಹಿಂದೆ.

*

ಭಾಗಣ್ಣ ಕಣ್ಣೊರೆಸಿಕೊಂಡು ಮಾತು ಮುಗಿಸುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಕ್ರಿಯೆ ಮಾಡಿಸಲು ಬಂದಿದ್ದ ಚನ್ನಯ್ಯ ಸ್ವಾಮಿಗಳು, "ಇಳಸ್ರೆಪಾ," ಎಂದರು.

"ತಡೀರಿ! ಮೊದಲ ನಾ ಇಳೀತೀನಿ."

"ಹೆಣ್ಮಕ್ಕಳು ಕುಣ್ಯಾಗ ಇಳಿಯೂದು ಪದ್ಧತಿ ಅಲ್ಲ ತಾಯಿ."

"ನಾ ನೋಡಿ ಬರದ ಇವ್ರು ಎಲ್ಲಿಗೂ ಹೋದವರಲ್ರಿ."

ಶಿವರಾಜ ಬೇಡವೆಂದು ಕೈ ಮುಗಿದ. ಅವಳು ಅವನ ಹೆಗಲಿಗೇ ಆತುಕೊಂಡು ಇಳಿದಳು. ಹಸಿ ಎರೆಮಣ್ಣಿನ ವಾಸನೆ ಉಸಿರು ಕಟ್ಟಿಸಿತು.

ಅಂದು ಸುರಂಗದಲ್ಲಿ ಅವಳು ನಾಲ್ಕು ಹೆಜ್ಜೆಯೂ ಹೋಗಿರಲಿಲ್ಲ. ಕಣ್ಣು ಮುಚ್ಚಿ, ಗೋಡೆಗಾತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದಳು. ಬಾವಲಿಯನ್ನೂ ನೀರನ್ನೂ ಅಂಜಿಕೆಯೇ ಹುಟ್ಟಿಸಿಕೊಟ್ಟಿತ್ತು. ಗಂಡನಿಗೆ ಕೊನೆತನಕ ಹೇಳಲಾಗಲಿಲ್ಲ. ಹೇಳಿದ್ದರೆ ಅವನು ಯಾರ ಹಿಂದೆ ನಡೆಯಬೇಕಿತ್ತು? ಇವತ್ತು ಮಾತ್ರ ಸುಳ್ಳು ನಡೆಯುವಂತಿರಲಿಲ್ಲ.

ತಲೆ ಬಗ್ಗಿಸಿ ಗೂಡಿನೊಳಗೆ ಹೊಕ್ಕು, ಅವನು ಕೂರಬೇಕಾದ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಹಲ್ಲು ಕಟಕಟ ಎನ್ನುತ್ತಿದ್ದವು. ಕಣ್ಣು ಮುಚ್ಚಲಿಲ್ಲ.

"ಅವ್ವಾ, ಸಾಕು, ಬಾ ಮ್ಯಾಲ!" ಶಿವರಾಜ ಅಳುತ್ತ ಕೈ ಚಾಚಿದ.

ಗಂಡನ ಬೆನ್ನು ತಾಕುವ ಕಡೆ ಅಂಗೈಯಿಂದ ಗೋಡೆ ಸವರುತ್ತ ಸವರುತ್ತ, ಅವಳಿಗೆ ಚುಚ್ಚುವ ಹರಳುಕಲ್ಲೊಂದು ಸಿಕ್ಕಿತು. ಉಗುರಿನಿಂದ ಕೆದರಿ ಕೆದರಿ ಅದನ್ನು ಕಿತ್ತು ಮೇಲಕ್ಕೆ ಎಸೆದಳು.